ಲೆನಿನ್‌ಗ್ರಾಡ್ ಸಿಂಫನಿಯನ್ನು ಯಾವ ಕಥೆಯ ಜೊತೆ ಕೇಳಬೇಕು?

ಪ್ರಶ್ನೆ: ಸೋವಿಯತ್ ಸಂಗೀತಕಾರ ಶೋಸ್ತಕೋವಿಚ್ ಅವರ ಏಳನೆಯ ಸಿಂಫನಿಯನ್ನು, ಅಂದರೆ ‘ಲೆನಿನ್‌ಗ್ರಾಡ್’ ಸಿಂಫನಿಯನ್ನು ಇತ್ತೀಚೆಗೆ ಕೇಳಿದೆ. ಅದರ ಬಗ್ಗೆ ಓದಲು ಹೋದರೆ ಒಬ್ಬೊಬ್ಬರದು ಒಂದೊಂದು ಮಾತು. ಹಿಟ್ಲರನ ಸೇನೆಗೆ ಬಗ್ಗದ ಊರಿನ ಹಾಡು ಅಂತ ಕೆಲವರು, ಬರೀ ಯುದ್ಧಕಾಲದ ಪ್ರಚಾರ ಅಂತ ಕೆಲವರು, ಒಳಗೊಳಗೆ ಸ್ಟಾಲಿನ್ ಮೇಲಿನ ಸಿಟ್ಟು ಅಂತ ಇನ್ನು ಕೆಲವರು. ನಮ್ಮ ಕಛೇರಿಗಳಲ್ಲಾದರೆ ಹಾಡುವವರ ಮನೋಧರ್ಮಕ್ಕೆ ತಕ್ಕಂತೆ ಒಂದೇ ಕೃತಿ ಬೇರೆ ಬೇರೆ ಬಣ್ಣ ತಾಳುತ್ತದೆ. ಇಲ್ಲಿ ಪ್ರತಿ ಸ್ವರವೂ ಬರೆದಿಟ್ಟದ್ದು. ಹಾಗಿದ್ದೂ ಅಭಿಪ್ರಾಯ ಇಷ್ಟು ತಲೆಕೆಳಗಾಗುವುದು ಹೇಗೆ? ನಾನು ಯಾವುದನ್ನು ನಂಬಿ ಕೇಳಲಿ?

ಉತ್ತರ: ನೀವು ಓದಿದ ಮೂರು ಅಭಿಪ್ರಾಯಗಳೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು. ಆದರೆ ಮೂರೂ ಜಗ್ಗಾಡುತ್ತಿರುವುದು ಸಿಂಫನಿಯ ಒಂದೇ ತುಂಡನ್ನು ಹಿಡಿದುಕೊಂಡು. ಇಡೀ ವಾದ್ಯವೃಂದಕ್ಕೆಂದು ಬರೆದ, ನಾಲ್ಕು ಭಾಗಗಳ, ಸುಮಾರು 75 ನಿಮಿಷದ ಈ ಕೃತಿಯಲ್ಲಿ, ಮೊದಲ ಭಾಗದ ನಡುವೆ, ಹತ್ತು-ಹನ್ನೆರಡು ನಿಮಿಷ ನಡೆಯುವ ಡ್ರಮ್ಮಿನ ಮೆರವಣಿಗೆ ಅದು. ಆ ಮೆರವಣಿಗೆಯಲ್ಲಿ ಬರುತ್ತಿರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬದಲಾದಾಗಲೆಲ್ಲ ಇಡೀ ಸಿಂಫನಿಯ ಬೆಲೆ ಏರಿದೆ ಅಥವಾ ಇಳಿದಿದೆ. ಉಳಿದ ಒಂದು ಗಂಟೆಯ ಸಂಗೀತವನ್ನು ಈ ವಾದದಲ್ಲಿ ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ತುಂಡನ್ನು ಒಮ್ಮೆ ನೆನಪಿಸಿಕೊಳ್ಳಿ. ಸಿಂಫನಿ ಶುರುವಾಗುವುದು ಅಗಲವಾದ, ಎದೆಯುಬ್ಬಿಸಿದ ಒಂದು ಮಟ್ಟಿನಿಂದ. ಅದರ ಹಿಂದೆಯೇ ಸಮಾಧಾನದ ಸಂಗೀತ ಬಂದು, ನಿಧಾನವಾಗಿ ಕರಗಿ, ಹೆಚ್ಚುಕಡಿಮೆ ನಿಶ್ಶಬ್ದವಾಗುತ್ತದೆ. ಆಗ ಸ್ನೇರ್ ಡ್ರಮ್ ಕೇಳಿಯೂ ಕೇಳದಷ್ಟು ಮೆಲ್ಲಗೆ ಒಂದು ಲಯ ಹಿಡಿಯುತ್ತದೆ. ಅದರ ಮೇಲೆ ತಂತಿವಾದ್ಯಗಳು ಸಣ್ಣದೊಂದು ಮಟ್ಟನ್ನು ನುಡಿಸುತ್ತವೆ. ಸಾಧಾರಣ ಮಟ್ಟು, ಶಿಳ್ಳೆ ಹೊಡೆಯಬಹುದಾದಂಥದ್ದು, ಕೊಂಚ ಪೆದ್ದು ಅನ್ನಿಸುವಂಥದ್ದು. ಈ ಮಟ್ಟು 12 ಸಲ ಬರುತ್ತದೆ. ಪ್ರತಿ ಸಲವೂ ವಾದ್ಯ ಬದಲಾಗುತ್ತದೆ, ಸದ್ದು ಏರುತ್ತದೆ, ಲಯ ಮಾತ್ರ ಬಿಡುವುದಿಲ್ಲ. ಕೊನೆಗೆ ಪಕ್ಕದಲ್ಲಿ ಕೂರಿಸಿದ ಹೆಚ್ಚುವರಿ ಹಿತ್ತಾಳೆ ವಾದ್ಯಗಳ ಗುಂಪೂ ಸೇರಿಕೊಂಡು, ಪೆದ್ದಾಗಿದ್ದ ಮಟ್ಟು ಭೀಕರವಾಗುತ್ತದೆ. ಕಟ್ಟುವ ವಿಧಾನದಲ್ಲಿ ಇದು ಫ್ರೆಂಚ್ ಸಂಗೀತಕಾರ ರವೆಲ್ 1928ರಲ್ಲಿ ಬರೆದ ‘ಬೊಲೆರೊ’ವನ್ನು ಹೋಲುತ್ತದೆ. ಜನ ಹಾಗೆ ಅಂದೇ ಅನ್ನುತ್ತಾರೆ ಎಂದು ಶೋಸ್ತಕೋವಿಚ್ ಅವರಿಗೂ ಗೊತ್ತಿತ್ತು. ಅನ್ನಲಿ ಬಿಡಿ, ಯುದ್ಧ ನನಗೆ ಕೇಳಿಸುವುದು ಹೀಗೆ ಎಂದು ಅವರು ಹೇಳಿದ್ದನ್ನು ಗೆಳೆಯ ಇಸಾಕ್ ಗ್ಲಿಕ್‌ಮನ್ ದಾಖಲಿಸಿದ್ದಾರೆ.

ಇನ್ನು ಕಥೆಗೆ ಬರೋಣ. 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿತು. ಲೆನಿನ್‌ಗ್ರಾಡ್‌ನಲ್ಲಿದ್ದ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ, 34 ವರ್ಷದ ಶೋಸ್ತಕೋವಿಚ್ ಸೇನೆಗೆ ಸೇರಲು ಹೋದರು. ದೃಷ್ಟಿ ಮಂದವೆಂದು ತೆಗೆದುಕೊಳ್ಳಲಿಲ್ಲ. ಸಂಗೀತಶಾಲೆಯ ಅಗ್ನಿಶಾಮಕ ತಂಡದಲ್ಲಿ ಕೆಲಸ ಸಿಕ್ಕಿತು. ಆ ಬೇಸಿಗೆಯಲ್ಲೇ ಏಳನೆಯ ಸಿಂಫನಿಯನ್ನು ಬರೆಯತೊಡಗಿದರು. ಸೆಪ್ಟೆಂಬರ್ 8ಕ್ಕೆ ಊರಿಗೆ ಮುತ್ತಿಗೆ ಬಿತ್ತು. ಸೆಪ್ಟೆಂಬರ್ 17ರಂದು ರೇಡಿಯೊದಲ್ಲಿ ಮಾತನಾಡಿದ ಅವರು, ಒಂದು ಗಂಟೆಯ ಹಿಂದಷ್ಟೇ ಹೊಸ ಕೃತಿಯ ಎರಡನೆಯ ಭಾಗ ಮುಗಿಸಿದೆ ಎಂದು ಊರವರಿಗೆ ತಿಳಿಸಿದರು. ಗಮನಿಸಿ: ಕೃತಿ ಅರ್ಧ ಮಾತ್ರ ಆಗಿತ್ತು, ಒಂದು ಸ್ವರವೂ ಯಾರ ಕಿವಿಗೂ ಬಿದ್ದಿರಲಿಲ್ಲ, ಆಗಲೇ ಅದು ಊರಿನ ಸುದ್ದಿಯಾಗಿತ್ತು. ಮೂರು ಭಾಗ ಅಲ್ಲಿ ಮುಗಿದ ಮೇಲೆ ಅಕ್ಟೋಬರ್ ಮೊದಲಲ್ಲಿ ಅವರನ್ನು ವಿಮಾನದಲ್ಲಿ ಹೊರಗೆ ಸಾಗಿಸಿದರು. ಕೊನೆಯ ಭಾಗ ಡಿಸೆಂಬರ್ 27ರಂದು ವೋಲ್ಗಾ ದಂಡೆಯ ಕೂಯಿಬಿಶೆವ್‌ನಲ್ಲಿ, ಈಗಿನ ಸಮಾರಾದಲ್ಲಿ, ಮುಗಿಯಿತು. ಮೊದಲ ಪ್ರದರ್ಶನ ನಡೆದದ್ದೂ ಅಲ್ಲೇ, 1942ರ ಮಾರ್ಚ್ 5ರಂದು. ಆ ಊರಿಗೆ ಸ್ಥಳಾಂತರಗೊಂಡಿದ್ದ ಬೋಲ್ಶೊಯ್ ಥಿಯೇಟರಿನ ವಾದ್ಯವೃಂದ ನುಡಿಸಿತು, ವಾದ್ಯವೃಂದವನ್ನು ನಿರ್ದೇಶಿಸುವ ಕಂಡಕ್ಟರ್ ಆಗಿ ಸಮೊಸೂದ್ ನಡೆಸಿಕೊಟ್ಟರು. ಅದಕ್ಕೂ ಮೊದಲೇ ಲೇಖಕ ಅಲೆಕ್ಸೇಯ್ ಟಾಲ್‌ಸ್ಟಾಯ್ ತಾಲೀಮು ಕೇಳಿ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆಯಲ್ಲಿ ಬರೆದುಬಿಟ್ಟಿದ್ದರು.

ಹೀಗಾಗಿ ಕೃತಿಗಿಂತ ಮೊದಲು ಕೇಳುಗರ ಮನೆ ತಲುಪಿದ್ದು ಅದರ ಅರ್ಥ. ಆ ಡ್ರಮ್ಮಿಗೆ ‘ದಾಳಿಯ ಮಟ್ಟು’ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಶೋಸ್ತಕೋವಿಚ್ ನಾಲ್ಕು ಭಾಗಗಳಿಗೂ ‘ಯುದ್ಧ’, ‘ನೆನಪು’, ‘ತಾಯ್ನೆಲದ ಬಯಲುಗಳು’, ‘ಗೆಲುವು’ ಎಂಬಂಥ ಶೀರ್ಷಿಕೆ ಕೊಟ್ಟು, ಆಮೇಲೆ ಅವನ್ನೆಲ್ಲ ತೆಗೆದುಹಾಕಿದರು. ಕೃತಿಯಿಂದ ತೆಗೆದರೂ ಜನರ ತಲೆಯಿಂದ ಅವು ಹೋಗಲಿಲ್ಲ.

ಆದರೆ ಈ ಮೊದಲ ಅರ್ಥವನ್ನು ಬರೀ ಪ್ರಚಾರ ಎಂದು ತಳ್ಳಿಹಾಕಲು ನನ್ನಿಂದ ಆಗದು. ಕಾರಣ 1942ರ ಆಗಸ್ಟ್ 9. ಅದರ ಹಿಂದಿನ ಚಳಿಗಾಲದಲ್ಲಿ ಲೆನಿನ್‌ಗ್ರಾಡ್‌ನ ಬಹುಪಾಲು ಜನರ ಪಡಿತರ ದಿನಕ್ಕೆ 125 ಗ್ರಾಂ ಬ್ರೆಡ್ಡಿಗೆ ಇಳಿದಿತ್ತು, ಅದರಲ್ಲೂ ಬೆರಕೆ ಸೇರಿತ್ತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಊರಿನಲ್ಲಿ ಉಳಿದಿದ್ದ ರೇಡಿಯೊ ವಾದ್ಯವೃಂದವನ್ನು ಕಂಡಕ್ಟರ್ ಕಾರ್ಲ್ ಎಲಿಯಾಸ್‌ಬರ್ಗ್ ಮತ್ತೆ ಕೂಡಿಸಲು ಹೊರಟಾಗ ನುಡಿಸುವ ಸ್ಥಿತಿಯಲ್ಲಿ ಸಿಕ್ಕವರು ಹದಿನೈದು ಮಂದಿಯಷ್ಟೇ. ಈ ಸಿಂಫನಿಗೆ ಬೇಕಾದದ್ದು ನೂರರ ಆಸುಪಾಸು. ಅದರಲ್ಲಿ ಹಿತ್ತಾಳೆಯ ಊದುವ ವಾದ್ಯಗಳೇ 8 ಹಾರ್ನ್, 6 ಟ್ರಂಪೆಟ್, 6 ಟ್ರಾಂಬೋನ್. ಊದುವ ವಾದ್ಯಕ್ಕೆ ಉಸಿರು ಬೇಕು, ಉಸಿರಿಗೆ ಅನ್ನ ಬೇಕು. ವಾದಕರಿಗೆ ಹೆಚ್ಚುವರಿ ಪಡಿತರ ಕೊಟ್ಟರು. ಸೇನೆಯ ತುಕಡಿಗಳಲ್ಲಿದ್ದ ವಾದಕರನ್ನು ಕರೆಸಿದರು. ಸ್ವರಪ್ರತಿ ಮುತ್ತಿಗೆಯ ಮೇಲಿನಿಂದ ವಿಮಾನದಲ್ಲಿ ಬಂತು. ಪ್ರದರ್ಶನದ ಸಂಜೆ ಜರ್ಮನ್ ಫಿರಂಗಿಗಳು ಸುಮ್ಮನಿರುವಂತೆ ಮಾಡಲು ಜನರಲ್ ಗೊವೊರೊವ್ ಮೊದಲೇ ಅವುಗಳ ಮೇಲೆ ಗುಂಡಿನ ಮಳೆಗರೆಸಿದರು. ಫಿಲ್‌ಹಾರ್ಮೋನಿಯಾ ಸಭಾಂಗಣದಿಂದ ಸಂಗೀತ ರೇಡಿಯೊದಲ್ಲೂ ಬೀದಿಯ ಧ್ವನಿವರ್ಧಕಗಳಲ್ಲೂ ಊರಿಡೀ ಹರಿಯಿತು, ಶತ್ರು ಸಾಲುಗಳ ಕಡೆಗೂ ಹರಿಯಿತು.

ಅಲ್ಲಿ ಕೂತು ಕೇಳಿದವರಿಗೆ ಡ್ರಮ್ಮಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ದಾಳಿಯವರು ಕೆಲವೇ ಕಿಲೋಮೀಟರ್ ದೂರದಲ್ಲಿದ್ದರು. ಸರ್ಕಾರ ಈ ಪ್ರದರ್ಶನವನ್ನು ಪ್ರಚಾರಕ್ಕೆ ಬಳಸಿತು, ನಿಜ. ಹಸಿದವರು ನುಡಿಸಿದ್ದೂ ಹಸಿದವರು ಕೇಳಿದ್ದೂ ಅಷ್ಟೇ ನಿಜ. ಮುಂದೆ ಈ ಕೃತಿಯ ಬಗ್ಗೆ ಯಾರು ಏನೇ ಹೇಳಲಿ, ಈ ಕೇಳುಗರನ್ನು ದಾಟಿಯೇ ಹೇಳಬೇಕು.

ಅದೇ ಬೇಸಿಗೆಯಲ್ಲಿ ಅಮೆರಿಕದಲ್ಲಿ ನಡೆದದ್ದು ಬೇರೆಯೇ ತರಹದ್ದು. ಸ್ವರಪ್ರತಿಯನ್ನು ಮೈಕ್ರೋಫಿಲ್ಮ್ ಮಾಡಿ ತೆಹರಾನ್, ಕೈರೊ ಮಾರ್ಗವಾಗಿ ಸಾಗಿಸಿದ ಕಥೆ ಪತ್ರಿಕೆಗಳಿಗೆ ಹಬ್ಬವಾಯಿತು. ಮೊದಲು ಯಾರು ನುಡಿಸಬೇಕೆಂದು ದೊಡ್ಡ ದೊಡ್ಡ ಕಂಡಕ್ಟರುಗಳ ನಡುವೆ ಪೈಪೋಟಿ ಹತ್ತಿತು. ಗೆದ್ದವರು ಟೊಸ್ಕನಿನಿ. 1942ರ ಜುಲೈ 19ರಂದು ಎನ್‌ಬಿಸಿ ರೇಡಿಯೊದಲ್ಲಿ ಅವರು ನಡೆಸಿದ ಪ್ರಸಾರ ದೇಶದ ಉದ್ದಗಲಕ್ಕೂ ಕೇಳಿಸಿತು. ‘ಟೈಮ್’ ಪತ್ರಿಕೆ ಮುಖಪುಟದಲ್ಲಿ ಅಗ್ನಿಶಾಮಕದ ಶಿರಸ್ತ್ರಾಣ ತೊಟ್ಟ ಶೋಸ್ತಕೋವಿಚ್‌ರ ಚಿತ್ರ ಹಾಕಿತು. ಮುಂದಿನ ಒಂದು ಋತುವಿನಲ್ಲೇ ಅಮೆರಿಕದಲ್ಲಿ 60ಕ್ಕೂ ಹೆಚ್ಚು ಪ್ರದರ್ಶನಗಳಾದವು. ಹೊಸ ಸಿಂಫನಿಯೊಂದಕ್ಕೆ ಇಂಥ ಬೇಡಿಕೆ ಹಿಂದೆ ಬಂದಿರಲಿಲ್ಲ. ಆಗ ಸೋವಿಯತ್ ಒಕ್ಕೂಟ ಮಿತ್ರರಾಷ್ಟ್ರ, ಸಿಂಫನಿಗೆ ಚಪ್ಪಾಳೆ ತಟ್ಟುವುದೆಂದರೆ ಮಿತ್ರನ ಬೆನ್ನು ತಟ್ಟುವುದು.

ಹೀಗೆ ಮೇಲಕ್ಕೆ ಎಸೆದದ್ದು ಕೆಳಗೆ ಬೀಳಲು ತಡವಾಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಗೀತಗಾರ-ವಿಮರ್ಶಕ ವರ್ಜಿಲ್ ಥಾಮ್ಸನ್ ನ್ಯೂಯಾರ್ಕಿನ ‘ಹೆರಾಲ್ಡ್ ಟ್ರಿಬ್ಯೂನ್’ನಲ್ಲಿ, ಬುದ್ಧಿ ಮಂದವಿರುವ, ಸಂಗೀತದ ಗಂಧ ಹೆಚ್ಚಿಲ್ಲದ, ಗಮನ ಎಲ್ಲೋ ಇರುವ ಜನರಿಗಾಗಿ ಬರೆದಂತಿದೆ ಎಂದು ಚುಚ್ಚಿದರು. ನ್ಯೂಯಾರ್ಕಿನಲ್ಲಿ ಬಡತನ, ಕಾಯಿಲೆಗಳ ನಡುವೆ ದಿನ ನೂಕುತ್ತಿದ್ದ ಹಂಗೇರಿಯ ಬೇಲಾ ಬಾರ್ತೋಕ್ ಕೂಡ ಈ ಅಬ್ಬರದಿಂದ ರೇಗಿದರು. 1943ರಲ್ಲಿ ಬರೆದ ‘ಕಾನ್ಚೆರ್ಟೊ ಫಾರ್ ಆರ್ಕೆಸ್ಟ್ರಾ’ದ ನಾಲ್ಕನೆಯ ಭಾಗದಲ್ಲಿ ಆ ದಾಳಿಯ ಮಟ್ಟಿನ ಇಳಿಯುವ ತುಣುಕನ್ನು ತಂದು, ಅದರ ಮೇಲೆ ವಾದ್ಯಗಳು ಗಹಗಹಿಸಿ ನಗುವಂತೆ ಮಾಡಿದರು. ಇಲ್ಲೊಂದು ಸ್ವಾರಸ್ಯವಿದೆ. ಶೋಸ್ತಕೋವಿಚ್‌ರ ಮಟ್ಟಿನ ಆ ತುಣುಕೇ ಫ್ರಾಂಜ್ ಲೇಹಾರ್‌ರ ಅಪೆರೆಟ್ಟಾ (ಲಘು ಸಂಗೀತನಾಟಕ) ‘ಮೆರ್ರಿ ವಿಡೊ’ದ ಒಂದು ಹಾಡನ್ನು ನೆನಪಿಸುತ್ತದೆ. ಆ ಅಪೆರೆಟ್ಟಾ ಹಿಟ್ಲರನಿಗೆ ಅಚ್ಚುಮೆಚ್ಚು. ಮಟ್ಟು ಪೆದ್ದಾಗಿರುವುದು ಬರೆದವರ ಕೈ ಸೋತಿದ್ದರಿಂದಲೋ, ಬೇಕೆಂದೇ ಹಾಗೆ ಇಟ್ಟಿದ್ದರಿಂದಲೋ? ಥಾಮ್ಸನ್ ಈ ಪ್ರಶ್ನೆಯನ್ನೇ ಕೇಳಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಕೇಡು ಮೊದಲು ಕ್ಷುಲ್ಲಕ ವೇಷದಲ್ಲಿ, ಯಾರಿಗೂ ಭಯ ಹುಟ್ಟಿಸದ ಹಾಗೆ ಬರುತ್ತದೆ ಎಂಬುದನ್ನು ತೋರಿಸಲು ಅಂಥ ಮಟ್ಟೇ ಬೇಕಿತ್ತು. ಗಂಭೀರವಾದ ಮಟ್ಟು ಇಟ್ಟಿದ್ದರೆ ದಾಳಿಗೆ ಘನತೆ ಬಂದುಬಿಡುತ್ತಿತ್ತು.

ಯುದ್ಧ ಮುಗಿದು ಶೀತಲ ಸಮರ ಶುರುವಾದ ಮೇಲೆ ಪಶ್ಚಿಮದ ವೇದಿಕೆಗಳಲ್ಲಿ ಈ ಕೃತಿ ಅಪರೂಪವಾಯಿತು. ಅದು ಸೋವಿಯತ್ ಭಿತ್ತಿಪತ್ರದ ಸಂಗೀತ ರೂಪ ಎಂಬ ಅಭಿಪ್ರಾಯ ದಶಕಗಳ ಕಾಲ ಪ್ರಶ್ನೆಯಿಲ್ಲದೆ ನಿಂತಿತು. ನೀವು ಓದಿದ ಎರಡನೆಯ ಮಾತಿನ ಮೂಲ ಇದು.

ಸೋವಿಯತ್ ಒಕ್ಕೂಟದೊಳಗೆ ಏನಾಯಿತೆಂಬುದರ ಬಗ್ಗೆ ಹೊರಗಿನವರು ಕಡಿಮೆ ಬರೆಯುತ್ತಾರೆ, ನನಗೆ ಅದು ಇನ್ನೂ ಮುಖ್ಯ ಅನ್ನಿಸುತ್ತದೆ. 1942ರಲ್ಲಿ ಈ ಸಿಂಫನಿಗೆ ಸ್ಟಾಲಿನ್ ಪ್ರಶಸ್ತಿ ಬಂದಿತ್ತು. 1948ರ ಫೆಬ್ರುವರಿಯಲ್ಲಿ ಪಕ್ಷದ ಕೇಂದ್ರ ಸಮಿತಿ ಶೋಸ್ತಕೋವಿಚ್, ಪ್ರೊಕೊಫಿಯೆವ್ ಮೊದಲಾದವರನ್ನು ಜನವಿರೋಧಿ ಸಂಗೀತ ಬರೆಯುವವರೆಂದು ಖಂಡಿಸಿತು. ಶೋಸ್ತಕೋವಿಚ್ ಬೋಧಕ ಹುದ್ದೆಗಳನ್ನು ಕಳೆದುಕೊಂಡರು. ಮರುವರ್ಷ ಸ್ಟಾಲಿನ್ ಲೆನಿನ್‌ಗ್ರಾಡ್‌ನ ಪಕ್ಷದ ಮುಖಂಡರ ಮೇಲೆಯೇ ತಿರುಗಿಬಿದ್ದ. ಮುತ್ತಿಗೆಯ ಕಾಲದಲ್ಲಿ ಊರನ್ನು ನಡೆಸಿದವರೂ ಅವರಲ್ಲಿದ್ದರು, ಹಲವರಿಗೆ ಮರಣದಂಡನೆಯಾಯಿತು. ಮುತ್ತಿಗೆಯ ನೆನಪಿಗೆಂದು ಜನ ಕಟ್ಟಿದ್ದ ಸಂಗ್ರಹಾಲಯವನ್ನು 1949ರಲ್ಲಿ ಮುಚ್ಚಿದರು. ಅದು ಮತ್ತೆ ತೆರೆದದ್ದು 1989ರಲ್ಲಿ. ಹಸಿವಿನ ಬಗ್ಗೆ, ಸತ್ತವರ ಸಂಖ್ಯೆಯ ಬಗ್ಗೆ ಬಾಯಿ ಬಿಡುವುದೇ ಅಪಾಯವಾದ ವರ್ಷಗಳು ಅವು. ಊರಿನ ನೆನಪೇ ಅನುಮಾನಕ್ಕೆ ಒಳಗಾದಾಗ ಆ ಊರಿಗೆ ಅರ್ಪಿಸಿದ ಸಿಂಫನಿ ಹೇಗೆ ತಾನೇ ಮೊದಲಿನಂತೆ ಕೇಳಿಸೀತು?

ಸ್ಟಾಲಿನ್ ಸತ್ತ ಮೇಲೆ ಅದು ಅಧಿಕೃತ ಯುದ್ಧಸ್ಮರಣೆಯ ಭಾಗವಾಗಿ ಮರಳಿತು. 1964ರ ಜನವರಿ 27ರಂದು, ಮುತ್ತಿಗೆ ತೆರವಾಗಿ 20 ವರ್ಷ ತುಂಬಿದ ದಿನ, 1942ರ ಪ್ರದರ್ಶನದಲ್ಲಿ ನುಡಿಸಿ ಬದುಕುಳಿದಿದ್ದವರು ಎಲಿಯಾಸ್‌ಬರ್ಗ್ ಕೈಕೆಳಗೆ ಮತ್ತೆ ಸೇರಿ ಇದನ್ನು ನುಡಿಸಿದರು. ಶೋಸ್ತಕೋವಿಚ್ ಸಭೆಯಲ್ಲಿದ್ದರು. ಯುದ್ಧಾನಂತರ ಎಲಿಯಾಸ್‌ಬರ್ಗ್ ಹೆಚ್ಚುಕಡಿಮೆ ಮೂಲೆಗುಂಪಾಗಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಕೃತಿಯ ಕೀರ್ತಿ ಹಬ್ಬಿದಷ್ಟು ಅದನ್ನು ಆ ದಿನ ಸಾಧ್ಯವಾಗಿಸಿದ ಮನುಷ್ಯನ ಹೆಸರು ಹಬ್ಬಲಿಲ್ಲ.

ಮೂರನೆಯ ಅರ್ಥ ಬಂದದ್ದು ಪುಸ್ತಕದ ರೂಪದಲ್ಲಿ. ಶೋಸ್ತಕೋವಿಚ್ 1975ರ ಆಗಸ್ಟ್ 9ರಂದು ತೀರಿಕೊಂಡರು, ಲೆನಿನ್‌ಗ್ರಾಡ್ ಪ್ರದರ್ಶನದ ದಿನಾಂಕದಂದೇ. ನಾಲ್ಕು ವರ್ಷಗಳ ನಂತರ, ರಷ್ಯಾ ಬಿಟ್ಟು ಬಂದಿದ್ದ ಸೊಲೊಮನ್ ವೋಲ್ಕೊವ್ ನ್ಯೂಯಾರ್ಕಿನಲ್ಲಿ ‘ಟೆಸ್ಟಿಮನಿ’ ಎಂಬ ಪುಸ್ತಕ ಹೊರತಂದರು. ಶೋಸ್ತಕೋವಿಚ್ ತಮಗೆ ಹೇಳಿ ಬರೆಸಿದ ನೆನಪುಗಳು ಎಂದರು. ಏಳನೆಯ ಸಿಂಫನಿಯ ಯೋಚನೆ ಯುದ್ಧಕ್ಕೆ ಮೊದಲೇ ಇತ್ತು, ಸ್ಟಾಲಿನ್ ಹಾಳುಗೆಡವಿದ ಊರನ್ನು ಹಿಟ್ಲರ್ ಮುಗಿಸಿದನಷ್ಟೇ ಎಂಬ ಅರ್ಥದ ಮಾತು ಅದರಲ್ಲಿದೆ. ಮರುವರ್ಷವೇ ಸಂಗೀತ ವಿದ್ವಾಂಸೆ ಲಾರೆಲ್ ಫೇ, ಈ ಪುಸ್ತಕದ ಹಲವು ಭಾಗಗಳು ಶೋಸ್ತಕೋವಿಚ್ ಹಿಂದೆಯೇ ಪ್ರಕಟಿಸಿದ್ದ ಲೇಖನಗಳಿಗೆ ಅಕ್ಷರಶಃ ಹೊಂದುತ್ತವೆ ಎಂದು ತೋರಿಸಿದರು. ಆ ಜಗಳ ಇಂದಿಗೂ ತಣ್ಣಗಾಗಿಲ್ಲ. ‘ಟೆಸ್ಟಿಮನಿ’ಯ ಪ್ರತಿ ವಾಕ್ಯವನ್ನೂ ಶೋಸ್ತಕೋವಿಚ್‌ರ ಬಾಯಿಯ ಮಾತೆಂದು ಉದ್ಧರಿಸುವ ಬರಹಗಳನ್ನು ಕಂಡರೆ ಎಚ್ಚರದಿಂದಿರಿ.

ಹಾಗಂತ ಮೂರನೆಯ ಅರ್ಥ ಸುಳ್ಳಾಗುವುದಿಲ್ಲ, ಏಕೆಂದರೆ ಅದು ಆ ಒಂದು ಪುಸ್ತಕದ ಮೇಲೆ ಮಾತ್ರ ನಿಂತಿಲ್ಲ. ಕೂಯಿಬಿಶೆವ್‌ನಲ್ಲಿ ಶೋಸ್ತಕೋವಿಚ್ ಕುಟುಂಬದ ನೆರೆಯವರಾಗಿದ್ದ ಫ್ಲೋರಾ ಲಿತ್ವಿನೋವಾ, ಇದು ಬರೀ ನಾಜಿಗಳ ಬಗೆಗಿನ ಸಂಗೀತವಲ್ಲ, ನಮ್ಮ ವ್ಯವಸ್ಥೆಯೂ ಸೇರಿ ಎಲ್ಲ ಬಗೆಯ ದಬ್ಬಾಳಿಕೆಯದು ಎಂದು ಶೋಸ್ತಕೋವಿಚ್ ಹೇಳಿದ್ದನ್ನು ಬಹಳ ವರ್ಷಗಳ ನಂತರ ನೆನಪಿಸಿಕೊಂಡು ಬರೆದಿದ್ದಾರೆ. ಈ ನೆನಪಿಗೆ ಹಿನ್ನೆಲೆಯೂ ಇದೆ. 1936ರ ಜನವರಿಯಲ್ಲಿ ‘ಪ್ರಾವ್ದಾ’ ಅವರ ಅಪೆರಾವನ್ನು ಸಂಗೀತದ ಹೆಸರಿನ ಗೊಂದಲವೆಂದು ಹೀಗಳೆದಿತ್ತು. ಅದೇ ವರ್ಷ ಅವರು ನಾಲ್ಕನೆಯ ಸಿಂಫನಿಯನ್ನು ತಾಲೀಮಿನ ಹಂತದಲ್ಲಿ ಹಿಂತೆಗೆದುಕೊಂಡರು. ಅದು ಮೊದಲು ಕೇಳಿಸಿದ್ದು 1961ರಲ್ಲಿ. 1936ರ ನಂತರದ ಎರಡು ವರ್ಷ ಅವರ ಗೆಳೆಯರು, ಪೋಷಕರು, ಬಂಧುಗಳು ಒಬ್ಬೊಬ್ಬರಾಗಿ ಬಂಧನಕ್ಕೊಳಗಾದರು. ಅಂಥವರು 1941ರಲ್ಲಿ ಭಯದ ಬಗ್ಗೆ ಬರೆಯಲು ಕೂತಾಗ ಹೊಸ ಭಯವನ್ನು ಒಂದು ಕಡೆ, ಹಳೆಯ ಭಯವನ್ನು ಇನ್ನೊಂದು ಕಡೆ ಇಟ್ಟು ಬರೆದಿರಲಾರರು. ಯುದ್ಧ ಅವರಿಗೆ ಒಂದು ಅವಕಾಶವನ್ನೂ ಕೊಟ್ಟಿತು: ಸತ್ತವರಿಗಾಗಿ ಬಹಿರಂಗವಾಗಿ ಅಳಬಹುದಿತ್ತು, ಯಾವ ಸತ್ತವರು ಎಂದು ಯಾರೂ ಕೇಳುತ್ತಿರಲಿಲ್ಲ.

ಆದರೂ 1980ರ ನಂತರದ ಬರಹಗಾರರು ಮಾಡಿದ ಒಂದು ಕೆಲಸವನ್ನು ನಾನು ಒಪ್ಪುವುದಿಲ್ಲ. ಡ್ರಮ್ಮಿನ ಮೆರವಣಿಗೆಯಲ್ಲಿದ್ದ ಜರ್ಮನ್ನರನ್ನು ಇಳಿಸಿ ಅಲ್ಲಿ ಸ್ಟಾಲಿನ್‌ನನ್ನು ಕೂರಿಸಿದರು, ಅಷ್ಟಕ್ಕೆ ಕೃತಿ ಮತ್ತೆ ಶ್ರೇಷ್ಠವಾಯಿತು. ಹಳೆಯವರು ಸಂಗೀತವನ್ನು ಪೋಸ್ಟರ್ ಆಗಿ ಓದಿದ್ದರು, ಇವರು ಗುಪ್ತಲಿಪಿಯಾಗಿ ಓದಿದರು. ಎರಡರಲ್ಲೂ ಕಿವಿಗೆ ಕೆಲಸ ಕಡಿಮೆ. ಮೆರವಣಿಗೆಯಲ್ಲಿರುವವರನ್ನು ಬದಲಿಸುವ ಈ ಆಟ ಅಲ್ಲಿಗೆ ನಿಲ್ಲಲೂ ಇಲ್ಲ. 2008ರ ಆಗಸ್ಟಿನಲ್ಲಿ ರಷ್ಯಾ-ಜಾರ್ಜಿಯಾ ಯುದ್ಧವಾದ ಕೆಲವೇ ದಿನಕ್ಕೆ ಕಂಡಕ್ಟರ್ ವಲೇರಿ ಗೆರ್ಗಿಯೆವ್ ದಕ್ಷಿಣ ಒಸ್ಸೆತಿಯಾದ ತ್ಸ್ಖಿನ್‌ವಾಲಿಯಲ್ಲಿ, ಮುರಿದ ಕಟ್ಟಡಗಳ ನಡುವೆ, ಈ ಸಿಂಫನಿಯ ಸಂಗೀತ ನುಡಿಸಿದರು. ಅಂದು ದಾಳಿಕೋರರ ಜಾಗದಲ್ಲಿ ಜಾರ್ಜಿಯನ್ನರನ್ನು ನಿಲ್ಲಿಸಲಾಗಿತ್ತು. ಯಾರನ್ನು ಬೇಕಾದರೂ ಶತ್ರುವಾಗಿ ತುಂಬಬಹುದಾದ ಜಾಗ ಒಂದು ಕೃತಿಯಲ್ಲಿದ್ದರೆ ಅಧಿಕಾರದಲ್ಲಿರುವವರು ಅದನ್ನು ಖಾಲಿ ಬಿಡುವುದಿಲ್ಲ.

‘ಪ್ರತಿ ಸ್ವರವೂ ಬರೆದಿಟ್ಟದ್ದು’ ಎಂಬ ನಿಮ್ಮ ಮಾತಿಗೆ ಒಂದು ತಿದ್ದುಪಡಿ. ಸ್ವರ ಬರೆದಿದೆ, ಲಯದ ಸೂಚನೆಯೂ ಇದೆ. ಆದರೆ ಭಾರ ಎಲ್ಲಿ ಹಾಕಬೇಕೆಂಬುದು ಕಂಡಕ್ಟರ್ ಕೈಯಲ್ಲಿದೆ. ಟೊಸ್ಕನಿನಿ ಬಿಗಿಯಾಗಿ, ವೇಗವಾಗಿ ನಡೆದು ಗೆಲುವಿನ ಕಡೆ ಸಾಗುತ್ತಾರೆ. 1988ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಶಿಕಾಗೊ ವಾದ್ಯವೃಂದದ ಜೊತೆ ಮಾಡಿದ ಧ್ವನಿಮುದ್ರಣ ಸುಮಾರು 85 ನಿಮಿಷ ಹಿಡಿಯುತ್ತದೆ. ಅಲ್ಲಿ ಕೊನೆಯ ಹಿತ್ತಾಳೆಯ ಅಬ್ಬರ ಗೆಲುವಿನಷ್ಟೇ ಬಳಲಿಕೆಯನ್ನೂ ಹೊತ್ತು ಬರುತ್ತದೆ. ಅಂದರೆ ಅಭಿಪ್ರಾಯ ಬದಲಾದಂತೆ ನುಡಿಸುವ ರೀತಿ ಬದಲಾಯಿತು, ನುಡಿಸುವ ರೀತಿ ಬದಲಾದದ್ದರಿಂದ ಮುಂದಿನ ಕೇಳುಗರಿಗೆ ಹೊಸ ಅಭಿಪ್ರಾಯ ಹುಟ್ಟಿತು.

ಈಗ ಆ ಉಳಿದ ಒಂದು ಗಂಟೆಗೆ ಬರೋಣ. ಡ್ರಮ್ಮಿನ ಅಬ್ಬರ ಒಡೆದುಬಿದ್ದ ಮೇಲೆ ಮೊದಲ ಭಾಗದಲ್ಲೇ ಬಸೂನ್ ಎಂಬ ತಗ್ಗುದನಿಯ ಊದುವ ವಾದ್ಯ ಒಂಟಿಯಾಗಿ ಹಾಡುವ ದೀರ್ಘ ಶೋಕವಿದೆ. ಅದರ ಲಯ ಸಮವಾಗಿ ನಿಲ್ಲುವುದಿಲ್ಲ, ಹೆಜ್ಜೆ ತಡವರಿಸುತ್ತದೆ. ಆರಂಭದಲ್ಲಿ ಸಮಾಧಾನದಿಂದ ಕೇಳಿಸಿದ್ದ ಸಂಗೀತವೇ ಅಲ್ಲಿ ಗುರುತು ಸಿಗದಷ್ಟು ಬದಲಾಗಿ ಮರಳಿದೆ. ಎರಡನೆಯ ಭಾಗದ ನಾಜೂಕಾದ ಹೆಜ್ಜೆಗಳನ್ನು ನಡುವೆ ಕಿರುಚು ಕ್ಲಾರಿನೆಟ್ ಕದಡಿಹಾಕುತ್ತದೆ. ಮೂರನೆಯ ಭಾಗ ಊದುವ ವಾದ್ಯಗಳ ಗಟ್ಟಿ, ಬರಿಯ, ಅಲಂಕಾರವಿಲ್ಲದ ಸ್ವರಮೇಳದಿಂದ ತೆರೆದುಕೊಂಡು, ಅದಕ್ಕೆ ಪಿಟೀಲುಗಳು ಒಬ್ಬರೇ ನಿಂತು ಮಾತನಾಡುವ ಹಾಗೆ ಉತ್ತರ ಕೊಡುತ್ತವೆ. ಇಡೀ ಸಿಂಫನಿಯ ಎದೆ ಇದು ಎಂದು ನಾನು ನಂಬಿದ್ದೇನೆ. ನಾಲ್ಕನೆಯ ಭಾಗದ ಗೆಲುವಿಗೂ ಮೊದಲು ಭಾರವಾದ, ನಿಧಾನದ ನಡಿಗೆಯೊಂದಿದೆ. ಗೆಲುವಿನ ಲೆಕ್ಕದಲ್ಲಿ ಸತ್ತವರನ್ನು ಬಿಟ್ಟುಬಿಡದ ಸಂಗೀತ ಅದು. ಪೋಸ್ಟರ್ ಎಂದವರೂ ಗುಪ್ತಲಿಪಿ ಎಂದವರೂ ಈ ಜಾಗಗಳಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಂತಿದ್ದರೆ, ಕೃತಿಯ ಬಹುಪಾಲು ಶತ್ರುವಿನ ಬಗ್ಗೆ ಇಲ್ಲವೇ ಇಲ್ಲ, ಕಳೆದುಕೊಂಡವರ ಬಗ್ಗೆ ಇದೆ ಎಂಬುದು ಅವರ ಕಿವಿಗೆ ಬೀಳುತ್ತಿತ್ತು.

ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಮುತ್ತಿಗೆಯ ಊರಿನ ಕಥೆಯನ್ನು ನಂಬಿ, ಅದು ನಡೆದದ್ದು. ಅರ್ಪಣೆಯನ್ನೂ ನಂಬಿ, ಲೆನಿನ್‌ಗ್ರಾಡ್ ಅವರು ಹುಟ್ಟಿ ಬೆಳೆದ ಊರು. ಹಳೆಯ ಭಯವೂ ಅದರಲ್ಲಿ ಸೇರಿದೆ ಎಂದು ಒಪ್ಪಿಕೊಳ್ಳಿ. ಕೇಳುವಾಗ ಮಾತ್ರ ಡ್ರಮ್ಮಿನ ಹಿಂದೆ ಯಾರ ಮುಖವನ್ನೂ ಇಡದೆ ನೋಡಿ. ನಿಮಗೆ ನನ್ನ ಸಲಹೆ: ಬರ್ನ್‌ಸ್ಟೈನ್‌ರ ಶಿಕಾಗೊ ಧ್ವನಿಮುದ್ರಣ ತೆಗೆದುಕೊಂಡು ಮೊದಲು ಮೂರನೆಯ ಭಾಗವನ್ನಷ್ಟೇ ಕೇಳಿ. ಇನ್ನೊಂದು ದಿನ ಇಡೀ ಸಿಂಫನಿಯನ್ನು ಆರಂಭದಿಂದ ಕೇಳಿ, ಬಸೂನ್ ಬಂದಾಗ ಬೇರೆ ಕೆಲಸ ಬಿಟ್ಟು ಕೂರಿ. ಟೊಸ್ಕನಿನಿಯ 1942ರ ಪ್ರಸಾರವೂ ಧ್ವನಿಮುದ್ರಣವಾಗಿ ಸಿಗುತ್ತದೆ. ಸದ್ದು ಹಳೆಯದು, ಒಣಗಿದಂತಿದೆ, ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.